ಕಲ್ಲಿನಲ್ಲಿ ಉಳಿದ ಹೆಜ್ಜೆ, ಬಿಲ ಓದುವುದು ಹೇಗೆ?

ಆನೆಗುಂದಿಯ ಬಂಡೆಗಳಲ್ಲಿ ಹುಳದ ಬಿಲ ಹುಡುಕಬೇಡಿ, ಸಿಗುವುದಿಲ್ಲ. ಅವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಆಗ ಪ್ರಾಣಿಗಳೇ ಇರಲಿಲ್ಲ. ಹೆಜ್ಜೆ, ಬಿಲ ಉಳಿಯುವುದು ಕೆಸರು, ಮರಳು ಕೂತು ಕಲ್ಲಾದ ಪದರಗಳಲ್ಲಿ. ಎಲುಬು ಹೊಳೆಯಲ್ಲಿ ಕೊಚ್ಚಿಕೊಂಡು ಎಲ್ಲಿಗೋ ಹೋಗಬಹುದು. ಬಿಲ ಮಾತ್ರ ತೋಡಿದ ಜಾಗದಲ್ಲೇ ಇರುತ್ತದೆ. ಅದಕ್ಕೇ ಆ ನೆಲ ಒಮ್ಮೆ ಹೇಗಿತ್ತು ಅಂತ ಅದನ್ನೇ ಕೇಳಬೇಕು.

ಓದು ಶುರುವಾಗಬೇಕಾದ್ದು ಹಸಿ ಕೆಸರಿನಲ್ಲಿ. ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಇಳಿದಾಗ ಕೊಪ್ಪಳದ ಕಡೆಯ ದಂಡೆಗೆ ಹೋಗಿ, ಒಂದು ಕೊಕ್ಕರೆ ಹೆಜ್ಜೆಯ ಮುಂದೆ ಕೂತುಬಿಡಿ. ಅಂಚು ಕುಸಿದು ಮುಚ್ಚಿಕೊಂಡಿದ್ದರೆ ಕೆಸರು ನೀರು ನೀರಾಗಿತ್ತು. ಉಗುರಿನ ಗೀರೂ ಕಾಣುತ್ತಿದ್ದರೆ ಅದು ಬಿಗಿಯಾಗುತ್ತಾ ಬಂದಿತ್ತು. ಈಗ ಬಿರುಕು ನೋಡಿ. ಬಿರುಕು ಹೆಜ್ಜೆಯನ್ನು ಸೀಳಿಕೊಂಡು ಹೋಗಿದ್ದರೆ ಹಕ್ಕಿ ಮೊದಲು ಬಂತು, ನೆಲ ಆಮೇಲೆ ಒಣಗಿತು. ಯಾವುದು ಯಾವುದನ್ನು ಕತ್ತರಿಸಿದೆ ಅನ್ನುವ ಈ ಒಂದು ಪ್ರಶ್ನೆ ಕಲ್ಲಿಗೂ ಸಾಕು. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಮೊಸಳೆಗಳೂ ಇವೆ. ಅಲ್ಲಿ ಈ ಅಭ್ಯಾಸ ಬೇಡ.

ಪದರಗಲ್ಲು ಎದುರಾದಾಗ ಮೇಲ್ಮೈ ಅಷ್ಟೇ ಅಲ್ಲ, ಕಡಿದ ಗೋಡೆಯನ್ನೂ ನೋಡಿ. ಬಿಲ ಯಾವ ಪದರದ ತಲೆಯಿಂದ ಇಳಿದಿದೆಯೋ ಅದೇ ಆ ಪ್ರಾಣಿ ಓಡಾಡಿದ ನೆಲ. ಒಳಗೆ ಒಂದರ ಹಿಂದೊಂದು ಬಿಲ್ಲಿನಾಕಾರದ ಗೆರೆಗಳಿದ್ದರೆ, ಮುಂದೆ ತೋಡುತ್ತಾ ಮಣ್ಣನ್ನು ಹಿಂದಕ್ಕೆ ಒತ್ತುತ್ತಾ ಸಾಗಿದೆ ಅಂತ ಅರ್ಥ. ಗೋಡೆಯ ಮೇಲೆ ಗೀರುಗಳೂ ಇದ್ದರೆ ಮಣ್ಣು ತೇವವಾಗಿತ್ತು, ಆದರೆ ಗಟ್ಟಿಯಾಗಿತ್ತು. ನೆರೆ ಬಂದು ಮುಳುಗುವ, ಮತ್ತೆ ಒಣಗುವ ದಂಡೆಯ ಇಂಥ ಗುರುತುಗಳ ಗುಂಪಿಗೆ ಜರ್ಮನಿಯ ಅಡಾಲ್ಫ್ ಝೈಲಾಕರ್ 1967ರಲ್ಲಿ ಸ್ಕೊಯೇನಿಯಾ ಅಂತ ಹೆಸರಿಟ್ಟರು.

ಬೇರಿನ ಗುರುತನ್ನು ಬಿಲ ಅಂದುಕೊಳ್ಳುವವರು ಜಾಸ್ತಿ. ಬಿಲದ ಅಗಲ ಸಾಮಾನ್ಯವಾಗಿ ಒಂದೇ ಸಮ. ಬೇರು ಇಳಿಯುತ್ತಾ ಸಣ್ಣಗಾಗಿ ಕವಲೊಡೆಯುತ್ತದೆ. ಕೆಂಪು ಕಲ್ಲಿನಲ್ಲಾದರೆ ಸುತ್ತ ಬೂದು ಹಸಿರು ಬಣ್ಣ ಕಾಣುವುದುಂಟು. ಬೇರು ದಟ್ಟವಾಗಿದ್ದು, ಜೊತೆಗೆ ಸಗಣಿ ಹುಳದ ಉಂಡೆಗಳೂ ಸಿಕ್ಕರೆ ಅದು ಗಿಡ ಬೆಳೆದ ನೆಲ, ಕೆರೆಯ ತಳವಲ್ಲ.

ಕಲ್ಲಾದ ಸಗಣಿಯನ್ನೂ ಸುಮ್ನೆ ಬಿಡಬೇಡಿ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಅಂಥ ಉಂಡೆಗಳಲ್ಲಿ ಹುಲ್ಲಿನ ಸಿಲಿಕಾ ಕಣಗಳಿದ್ದವು. ಡೈನೋಸಾರ್ ಕಾಲದಲ್ಲೇ ಹುಲ್ಲು ಇತ್ತು ಅಂತ 2005ರಲ್ಲಿ ಗೊತ್ತಾಗಿದ್ದು ಅವುಗಳಿಂದಲೇ.

ಕೊನೆಗೊಂದು ಪರೀಕ್ಷೆ. ತೂತಿನೊಳಗೆ ಸಡಿಲ ಮಣ್ಣಿದ್ದರೆ ಅದು ಇತ್ತೀಚಿನ ಕಣಜದ್ದೋ ಗೆದ್ದಲಿನದ್ದೋ ಇರಬಹುದು. ಹಳೆಯ ಬಿಲ ತುಂಬಿ, ಸುತ್ತಲಿನ ಕಲ್ಲಿನಂತೆಯೇ ಗಟ್ಟಿಯಾಗಿರುತ್ತದೆ. ಒಡೆಯಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಯಾವ ಪದರದ್ದು ಅಂತ ಬರೆದುಕೊಳ್ಳಿ.