ಇಷ್ಪಿಂಗೊ ಎಣ್ಣೆ: ನಾನು ಬಟ್ಟಿ ಇಳಿಸುವ ರೀತಿ

ನಾನಿರುವುದು ಈಕ್ವೆಡಾರ್‌ನ ನಾಪೊ ಪ್ರಾಂತ್ಯದಲ್ಲಿ, ಟೇನಾ ಊರಿನ ಹತ್ತಿರ. ಇಲ್ಲಿನ ಇಷ್ಪಿಂಗೊ ಮರ ನಮ್ಮ ದಾಲ್ಚಿನ್ನಿಯ ಕುಟುಂಬದ್ದೇ. ಆದರೆ ಇಲ್ಲಿಯವರು ಹೆಚ್ಚಾಗಿ ಬಳಸುವುದು ತೊಗಟೆಯನ್ನಲ್ಲ, ಕಾಯಿಯನ್ನು ಹಿಡಿದುಕೊಂಡಿರುವ ಬಟ್ಟಲನ್ನು. ಒಣಗಿದ ಮೇಲೆ ಅದು ಅಣಬೆಯ ಟೋಪಿಯ ಹಾಗೆ ಕಾಣುತ್ತದೆ. ನವೆಂಬರ್ 2ರಂದು, ತೀರಿಹೋದವರನ್ನು ನೆನೆಯುವ ಹಬ್ಬದಲ್ಲಿ, ಕೊಲಾಡಾ ಮೊರಾಡಾ ಅನ್ನುವ ನೇರಳೆ ಪಾನೀಯಕ್ಕೆ ಇದನ್ನು ಹಾಕುತ್ತಾರೆ.

1541ರಲ್ಲಿ ಸ್ಪೇನಿನ ದಂಡನಾಯಕ ಗೊನ್ಸಾಲೊ ಪಿಸಾರೊ ಕ್ವಿಟೊದಿಂದ ಈ ಸೀಮೆಗೆ ಬಂದದ್ದು ದಾಲ್ಚಿನ್ನಿ ಹುಡುಕಿಕೊಂಡೇ. ಸಿಕ್ಕಿದ್ದು ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರ, ಅಷ್ಟೇ. ಇಷ್ಟು ವಿರಳವಾದ ಮರದ ತೊಗಟೆ ಸುಲಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಟ್ಟಲು ಆರಿಸಿಕೊಂಡರೆ ಮರಕ್ಕೆ ಏನೂ ಆಗುವುದಿಲ್ಲ, ಅಲ್ವಾ? ಇಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಜನರ ಕುಟುಂಬಗಳು ತಮ್ಮ 'ಚಕ್ರಾ' ತೋಟಗಳಲ್ಲಿ ಕೋಕೋ, ಬಾಳೆ, ಮರಗೆಣಸಿನ ಜೊತೆ ಬೆಳೆಸಿದ ಮರಗಳ ಬಟ್ಟಲನ್ನೇ ನಾನು ಕೊಳ್ಳುತ್ತೇನೆ.

ಬಟ್ಟಿ ಇಳಿಸುವ ದಿನವೇ ಬಟ್ಟಲನ್ನು ಒರಳಲ್ಲಿ ತರಿತರಿಯಾಗಿ ಕುಟ್ಟುತ್ತೇನೆ. ನುಣ್ಣಗೆ ಪುಡಿ ಮಾಡಿದರೆ ಪಾತ್ರೆಯ ತಳ ಹಿಡಿಯುತ್ತದೆ. ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಲು ಹಗುರವಾದ, ಪೈನ್ ಮರದಂಥ ವಾಸನೆ ಬರುತ್ತದೆ. ಅಲ್ಲಿಗೇ ಒಲೆ ಆರಿಸಬಾರದು. ದಾಲ್ಚಿನ್ನಿಯ ಘಮ ಕೊಡುವ ಸಿನ್ನಮಾಲ್ಡಿಹೈಡ್ ಒಂದೇ ಕಾಯಿಸಿದರೆ ಕುದಿಯುವುದು ಸುಮಾರು 248 ಡಿಗ್ರಿಯಲ್ಲಿ. ನೀರಿನ ಹಬೆಯ ಜೊತೆಗಾದರೆ ಅದು 100 ಡಿಗ್ರಿಯೊಳಗೇ ಎದ್ದು ಬರುತ್ತದೆ, ಆದರೆ ತುಂಬ ನಿಧಾನವಾಗಿ. ಹಾಗಾಗಿ ಗಂಟೆಗಟ್ಟಲೆ ಕಾಯಬೇಕು. ಹಬೆ ತಣ್ಣಗಾಗಿ ಇಳಿಯುವ ನೀರು ಹಾಲಿನಂತೆ ಮಬ್ಬಾಗಿರುವವರೆಗೂ ಎಣ್ಣೆ ಬರುತ್ತಿದೆ ಎಂದೇ ಅರ್ಥ. ನೀರು ತಿಳಿಯಾದ ಮೇಲೆ ನಿಲ್ಲಿಸುತ್ತೇನೆ.

ಎಣ್ಣೆಯನ್ನು ಕಂದು ಗಾಜಿನ ಪುಟ್ಟ ಬಾಟಲಿಗೆ ಕತ್ತಿನ ತನಕ ತುಂಬುತ್ತೇನೆ. ಒಳಗೆ ಗಾಳಿ ಉಳಿದರೆ ಸಿನ್ನಮಾಲ್ಡಿಹೈಡ್ ಸುಮ್ನೆ ಕೆಡುತ್ತದೆ.

ಇನ್ನು ಔಷಧಿಯ ಮಾತು. ಪ್ರಯೋಗಾಲಯದಲ್ಲಿ ಈ ಎಣ್ಣೆ ಶಿಲೀಂಧ್ರಗಳನ್ನು ತಡೆದಿದೆ. ಇಟಲಿಯ ಸಂಶೋಧಕರು ಇಲಿಗಳ ಮೇಲೆ ನೋಡಿದಾಗ ರಕ್ತ ಹೆಪ್ಪುಗಟ್ಟುವುದೂ ಕಡಿಮೆಯಾಗಿದೆ. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಾನು ಇದನ್ನು ಕೊಡುವುದೇ ಇಲ್ಲ. ನೇರವಾಗಿ ಹಚ್ಚಿದರೆ ಚರ್ಮ ಉರಿಯುತ್ತದೆ, ಅಲರ್ಜಿಯೂ ಆಗಬಹುದು. ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ತೆಳುಮಾಡಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಬೇಕು. ಹೊಟ್ಟೆ ಕೆಟ್ಟರೆ ನಾನು ಎಣ್ಣೆ ಮುಟ್ಟುವುದಿಲ್ಲ. ಕಿಚ್ವಾ ಮನೆಗಳಲ್ಲಿ ಮಾಡುವ ಹಾಗೆ ಇಷ್ಪಿಂಗೊದ ಒಂದು ಒಣ ಬಟ್ಟಲನ್ನು ನೀರಲ್ಲಿ ಕುದಿಸಿ, ಆ ಕಷಾಯ ಕುಡಿಯುತ್ತೇನೆ.