ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಡ, ಟ್ರಿಮ್ ಬೇಕು

ಹಾರ್ಡ್‌ಡಿಸ್ಕ್ ಕಾಲದ ಅಭ್ಯಾಸ ಬಿಡದೆ, ಎಸ್‌ಎಸ್‌ಡಿ (ಫ್ಲ್ಯಾಶ್ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಿಕೊಂಡ ಮೇಲೂ, ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್ ಸಾಫ್ಟ್‌ವೇರ್ ಓಡಿಸುವವರಿದ್ದಾರೆ. ಅದರಿಂದ ವೇಗ ಹೆಚ್ಚುವುದಿಲ್ಲ, ಚಿಪ್ ಸವೆಯುತ್ತದೆ ಅಷ್ಟೆ. ತಿರುಗುವ ತಟ್ಟೆಯೇ ಇಲ್ಲದ ಡ್ರೈವ್‌ನಲ್ಲಿ ಫೈಲ್‌ನ ತುಂಡುಗಳು ಎಲ್ಲೆಲ್ಲಿ ಬಿದ್ದಿದ್ದರೂ ಓದುವ ಹೊತ್ತು ಹೆಚ್ಚುಕಡಿಮೆ ಒಂದೇ. ಎಸ್‌ಎಸ್‌ಡಿಗೆ ನಿಜಕ್ಕೂ ಬೇಕಿರುವುದು ಯಾವ ಜಾಗ ಖಾಲಿಯಾಗಿದೆ ಎಂಬ ಮಾಹಿತಿ.

ಫೈಲ್ ಅಳಿಸಿದಾಗ ವಿಂಡೋಸ್ ಅದನ್ನು ತನ್ನ ಪಟ್ಟಿಯಿಂದ ಮಾತ್ರ ತೆಗೆಯುತ್ತದೆ. ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಕೆಲವೇ ಕಿಲೋಬೈಟ್‌ಗಳ ಪೇಜ್‌ಗಳಲ್ಲಿ. ಅಳಿಸುವುದು ಮಾತ್ರ ನೂರಾರು ಪೇಜ್‌ ಸೇರಿದ ಇಡೀ ಬ್ಲಾಕನ್ನು. ಬೇಡವಾದ ಡೇಟಾ ಯಾವುದೆಂದು ತಿಳಿಯದ ಕಂಟ್ರೋಲರ್ (ಡ್ರೈವ್‌ನ ಕೆಲಸ ನಡೆಸುವ ಚಿಪ್), ಬ್ಲಾಕ್ ತೆರವು ಮಾಡುವಾಗಲೆಲ್ಲ ಅದನ್ನೂ ಜೋಪಾನವಾಗಿ ಬೇರೆಡೆಗೆ ನಕಲು ಮಾಡುತ್ತದೆ. ವೇಗ ಕುಸಿಯುವುದೂ ಆಯುಷ್ಯ ಕರಗುವುದೂ ಇದರಿಂದಲೇ. 'ಈ ಜಾಗದಲ್ಲಿರುವುದು ಇನ್ನು ಬೇಡ' ಎಂದು ಡ್ರೈವ್‌ಗೆ ತಿಳಿಸುವ ಆದೇಶವೇ ಟ್ರಿಮ್. 2009ರ ವಿಂಡೋಸ್ 7ರಿಂದ ಇದು ವಿಂಡೋಸ್‌ನಲ್ಲೇ ಅಡಕವಾಗಿದೆ.

ಟ್ರಿಮ್ ಚಾಲೂ ಇದೆಯೇ?

ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. 'ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಕೊನೆಯ ಪದದ ನಡುವೆ ಜಾಗ ಬಿಡಬೇಡಿ. ಉತ್ತರದಲ್ಲಿ ಎನ್‌ಟಿಎಫ್‌ಎಸ್ ಸಾಲಿನ ಮುಂದೆ 0 ಬಂದರೆ ಟ್ರಿಮ್ ಚಾಲೂ ಇದೆ, 1 ಬಂದರೆ ಇಲ್ಲ. ಇಲ್ಲಿ ಅನೇಕರು ತಿರುಗಾಮುರುಗಾ ಓದಿಕೊಳ್ಳುತ್ತಾರೆ. 1 ಇದ್ದರೆ ಅದೇ ಆದೇಶದಲ್ಲಿ 'ಕ್ವೆರಿ' ಬದಲು 'ಸೆಟ್' ಬರೆದು, ಕೊನೆಗೆ ಒಂದು ಜಾಗ ಬಿಟ್ಟು 0 ಸೇರಿಸಿ ಎಂಟರ್ ಒತ್ತಿ.

ಮುಂದೆ ಸ್ಟಾರ್ಟ್‌ನಲ್ಲಿ 'ಡಿಫ್ರಾಗ್‌ಮೆಂಟ್ ಆ್ಯಂಡ್ ಆಪ್ಟಿಮೈಸ್ ಡ್ರೈವ್ಸ್' ತೆರೆಯಿರಿ. ಹೆಸರಿನಲ್ಲಿ ಡಿಫ್ರಾಗ್ ಇದೆಯೆಂದು ಹೆದರಬೇಕಿಲ್ಲ. 'ಮೀಡಿಯಾ ಟೈಪ್' ಅಂಕಣದಲ್ಲಿ 'ಸಾಲಿಡ್ ಸ್ಟೇಟ್ ಡ್ರೈವ್' ಎಂದಿದ್ದರೆ, ಸಿ ಡ್ರೈವ್ ಆರಿಸಿ 'ಆಪ್ಟಿಮೈಸ್' ಒತ್ತಿದಾಗ ನಡೆಯುವುದು ಟ್ರಿಮ್. ವಾರಕ್ಕೊಮ್ಮೆ ತಾನೇ ನಡೆಯುವಂತೆ ವೇಳಾಪಟ್ಟಿ ಮೊದಲೇ ಹಾಕಿರುತ್ತದೆ, ಅದನ್ನು ನಿಲ್ಲಿಸಬೇಡಿ.

ಹಳೆಯ ಹಾರ್ಡ್‌ಡಿಸ್ಕ್‌ನಿಂದ ವಿಂಡೋಸನ್ನು ಕ್ಲೋನ್ ಮಾಡಿ ತಂದಿದ್ದರೆ ಅದೇ ಅಂಕಣದಲ್ಲಿ 'ಹಾರ್ಡ್ ಡಿಸ್ಕ್ ಡ್ರೈವ್' ಎಂದೇ ಉಳಿದಿರುವುದುಂಟು. ಆಗ ವಿಂಡೋಸ್ ಪ್ರತಿವಾರ ನಿಜವಾದ ಡಿಫ್ರಾಗ್ ಮಾಡಿಬಿಡುವ ಅಪಾಯವಿದೆ. ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ನಲ್ಲಿ 'ವಿನ್‌ಸ್ಯಾಟ್ ಫಾರ್ಮಲ್' ಕೊಟ್ಟರೆ ಡ್ರೈವನ್ನು ಮತ್ತೆ ಅಳೆದು ಗುರುತಿಸುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಲೇಬೇಕು, ಬ್ಯಾಟರಿಯಲ್ಲಿ ಅದು ಓಡುವುದಿಲ್ಲ. ಯುಎಸ್‌ಬಿ ಕೇಸ್‌ನಲ್ಲಿಟ್ಟ ಎಸ್‌ಎಸ್‌ಡಿಗೆ 'ಆಪ್ಟಿಮೈಸೇಷನ್ ನಾಟ್ ಅವೈಲಬಲ್' ಎಂದು ಬಂದರೆ, ಹೆಚ್ಚಾಗಿ ಆ ಕೇಸ್‌ನ ಚಿಪ್ ಟ್ರಿಮ್ ಆದೇಶವನ್ನು ಆಚೆ ದಾಟಿಸುತ್ತಿಲ್ಲ. ಕೇಸ್ ಬದಲಿಸಿ ನೋಡಿ.

ಸವೆತ ಅಳೆಯುವುದು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟ್ಟಿಂಗ್ಸ್, ಡಿಸ್ಕ್ಸ್ ಆ್ಯಂಡ್ ವಾಲ್ಯೂಮ್ಸ್ ಎಂಬ ಕ್ರಮದಲ್ಲಿ ಹೋಗಿ, ಡಿಸ್ಕ್ ಆರಿಸಿ ಪ್ರಾಪರ್ಟೀಸ್ ತೆರೆಯಿರಿ. ಡ್ರೈವ್ ಎನ್‌ವಿಎಂಇ (ವೇಗದ ಹೊಸ ಬಗೆಯ ಸಂಪರ್ಕದ ಎಸ್‌ಎಸ್‌ಡಿ) ಆಗಿದ್ದರೆ ಉಳಿದ ಆಯುಷ್ಯ, ಮೀಸಲು ಜಾಗ, ತಾಪಮಾನ ಮೂರೂ ಅಲ್ಲಿ ಕಾಣುತ್ತವೆ. ಹಳೆಯ ಬಗೆಯ ಸಂಪರ್ಕದ ಸಾಟಾ ಡ್ರೈವ್‌ಗೆ ಈ ಸೌಲಭ್ಯವಿಲ್ಲ. ಅದಕ್ಕೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಲಿನಕ್ಸ್‌ನಲ್ಲೂ ಕೆಲಸಕ್ಕೆ ಬರುತ್ತದೆ.

ಎನ್‌ವಿಎಂಇ ಡ್ರೈವ್‌ಗೆ ಅದು ತೋರಿಸುವ 'ಡೇಟಾ ಯೂನಿಟ್ಸ್ ರಿಟನ್' ಸಂಖ್ಯೆಯನ್ನು 5,12,000ರಿಂದ ಗುಣಿಸಿದರೆ ಈವರೆಗೆ ಬರೆದ ಬೈಟ್‌ಗಳ ಲೆಕ್ಕ ಸಿಗುತ್ತದೆ. 3 ಕೋಟಿ ಯೂನಿಟ್ ಎಂದರೆ 15.36 ಟೆರಾಬೈಟ್. 500 ಜಿಬಿಯ ಸ್ಯಾಮ್‌ಸಂಗ್ 970 ಇವೊ ಪ್ಲಸ್‌ಗೆ ಕಂಪನಿ ಹೇಳುವ ಬರವಣಿಗೆಯ ಮಿತಿ 300 ಟೆರಾಬೈಟ್. ಅಂದರೆ 15.36 ಟೆರಾಬೈಟ್ ಬರೆದರೂ ಸವೆದಿರುವುದು ಸುಮಾರು 5 ಶೇಕಡಾ. ಸಾಮಾನ್ಯ ಬಳಕೆಯಲ್ಲಿ ಸವೆತಕ್ಕೆ ಅಂಜುವ ಅಗತ್ಯ ಬಹಳ ಕಡಿಮೆ ಎನ್ನುವುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ನಿಜಕ್ಕೂ ಕಣ್ಣಿಡಬೇಕಾದದ್ದು 'ಕ್ರಿಟಿಕಲ್ ವಾರ್ನಿಂಗ್' ಮೇಲೆ. ಅದು 0 ಬಿಟ್ಟು ಬೇರೇನಾದರೂ ಇದ್ದರೆ ಅಂದೇ ಬ್ಯಾಕಪ್ ತೆಗೆಯಿರಿ.

ಡ್ರೈವ್‌ನಲ್ಲಿ 10ರಿಂದ 20 ಶೇಕಡಾ ಜಾಗ ಸದಾ ಖಾಲಿ ಇರಲಿ. ಕಂಟ್ರೋಲರ್‌ಗೆ ಕೈಯಾಡಿಸಲು ಜಾಗ ಸಿಕ್ಕಷ್ಟೂ ಬರವಣಿಗೆ ಸರಾಗ. ಡೌನ್‌ಲೋಡ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಚೊಕ್ಕಟ ಮಾಡಲು 'ಸ್ಟೋರೇಜ್ ಸೆನ್ಸ್' ಸಾಕು. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡ್ರೈವ್‌ನಲ್ಲಿ ಬಳಸುವ ಫೈಲ್) ತೆಗೆದುಹಾಕಿ ಎಂಬ ಹಳೆಯ ಸಲಹೆಯನ್ನು ಪಾಲಿಸಬೇಡಿ, ಮೆಮೊರಿ ತುಂಬಿದಾಗ ಪ್ರೋಗ್ರಾಂಗಳು ಮುಚ್ಚಿಕೊಳ್ಳುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ 'ರೈಟ್-ಕ್ಯಾಶ್ ಬಫರ್ ಫ್ಲಶಿಂಗ್' (ತಾತ್ಕಾಲಿಕ ಮೆಮೊರಿಯಲ್ಲಿರುವುದನ್ನು ಡ್ರೈವ್‌ಗೆ ಬರೆಸುವುದು) ನಿಲ್ಲಿಸುವ ಚೌಕಕ್ಕೂ ಟಿಕ್ ಹಾಕಬೇಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋದ ಕ್ಷಣಕ್ಕೆ, ಉಳಿಸಿದ್ದೇವೆಂದುಕೊಂಡ ಫೈಲ್ ಡ್ರೈವ್ ತಲುಪಿರುವುದೇ ಇಲ್ಲ.

ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ವಾರಕ್ಕೊಮ್ಮೆಯ ಟ್ರಿಮ್ ಮೊದಲೇ ಏರ್ಪಾಡಾಗಿರುತ್ತದೆ. 'ಎಲ್‌ಎಸ್‌ಬಿಎಲ್‌ಕೆ' ಆದೇಶಕ್ಕೆ ಎರಡು ಹೈಫನ್ ಮತ್ತು 'ಡಿಸ್ಕಾರ್ಡ್' ಸೇರಿಸಿ ಕೊಟ್ಟಾಗ 'ಡಿಸ್ಕ್-ಗ್ರ್ಯಾನ್', 'ಡಿಸ್ಕ್-ಮ್ಯಾಕ್ಸ್' ಅಂಕಣಗಳಲ್ಲಿ 0 ಕಂಡರೆ ಆ ಡ್ರೈವ್‌ಗೆ ಟ್ರಿಮ್ ತಲುಪುತ್ತಿಲ್ಲ. ಲಕ್ಸ್ ಗೂಢಲಿಪೀಕರಣ (ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಇರುವ ಕಡೆ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ 'ಡಿಸ್ಕಾರ್ಡ್' ಆಯ್ಕೆ ಇದೆಯೇ ನೋಡಿ.

ಫರ್ಮ್‌ವೇರ್ (ಡ್ರೈವ್‌ನೊಳಗೇ ಇರುವ ತಂತ್ರಾಂಶ) ಅಪ್‌ಡೇಟನ್ನು ಕಡೆಗಣಿಸಬಾರದು. ಎಚ್‌ಪಿಇ ಕಂಪನಿಯ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದೊಡನೆ ನಿಂತೇಹೋಗುವ ದೋಷ 2019ರಲ್ಲಿ ಹೊರಬಿತ್ತು, ಪರಿಹಾರವಾಗಿ ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ನಿಮ್ಮ ಡ್ರೈವ್ ತಯಾರಕರ ಸ್ವಂತ ತಂತ್ರಾಂಶದಿಂದಲೇ ಅಪ್‌ಡೇಟ್ ಮಾಡಿ. ಮೊದಲು ಇನ್ನೊಂದು ಡಿಸ್ಕ್‌ಗೆ ಬ್ಯಾಕಪ್ ತೆಗೆದಿಡಿ: ಟ್ರಿಮ್ ಆದ ಜಾಗದಲ್ಲಿದ್ದ ಫೈಲನ್ನು ರಿಕವರಿ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಮರಳಿ ತರಲಾರವು.