ಒಂದು ತಿಂಗಳಲ್ಲಿ ಕಾದಂಬರಿ: ಎಲ್ಲಿಂದ ಶುರು ಮಾಡಬೇಕು?

ಕಾದಂಬರಿ ಸ್ಪರ್ಧೆಯ ಕೊನೆಯ ದಿನಾಂಕಕ್ಕೆ ಇನ್ನೊಂದೇ ತಿಂಗಳಿದೆ. ಅಥವಾ ವರ್ಷಗಟ್ಟಲೆ ತಲೆಯಲ್ಲೇ ಇರುವ ಕಥೆಗೆ ನೀವೇ ಒಂದು ತಿಂಗಳ ಗಡುವು ಹಾಕಿಕೊಂಡಿದ್ದೀರಿ. ಎರಡಕ್ಕೂ ದಾರಿ ಒಂದೇ. ಇಂಥ ಬರವಣಿಗೆಯಲ್ಲಿ ಜಾಸ್ತಿ ಸಮಯ ಹಾಳಾಗುವುದು ಮುಂದೇನು ಅಂತ ತೋಚದೆ ಸುಮ್ನೆ ಕೂತಾಗ. ಹಾಗಾಗಿ ದೊಡ್ಡ ತೀರ್ಮಾನಗಳನ್ನೆಲ್ಲ ಮೊದಲೇ ಮುಗಿಸಿಕೊಂಡು, ಆಮೇಲೆ ಬರೆಯಲು ಕೂರಬೇಕು.

ಮೊದಲು ಲೆಕ್ಕ

ಅಮೆರಿಕದ ಕ್ರಿಸ್ ಬೇಟಿ 1999ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸುವ ಪಂಥ ಶುರು ಮಾಡಿದರು. ಮೊದಲ ವರ್ಷ ಇದ್ದವರು 21 ಜನ. ‘ನ್ಯಾನೋರೈಮೋ’ ಅಂತ ಹೆಸರಾದ ಆ ಪಂಥದಲ್ಲಿ ಗುರಿ 50,000 ಪದ ಇತ್ತು, ಅಂದರೆ ದಿನಕ್ಕೆ 1,667. ಕನ್ನಡಕ್ಕೆ ಈ ಲೆಕ್ಕವನ್ನು ಹಾಗೇ ತರಬೇಡಿ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಎಷ್ಟೋ ಪದಗಳು ನಮ್ಮಲ್ಲಿ ಪ್ರತ್ಯಯವಾಗಿ ಅಂಟಿಕೊಂಡು ಒಂದೇ ಪದವಾಗುತ್ತವೆ. ಅಷ್ಟೇ ಕಥೆಗೆ ಕನ್ನಡದಲ್ಲಿ ಪದಗಳು ಕಡಿಮೆ ಸಾಕು. 36,000 ಪದ ಇಟ್ಟುಕೊಳ್ಳಿ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ ಆಕಾರದಲ್ಲಿ ಸುಮಾರು 150 ಪುಟದ ಪುಸ್ತಕವಾಗುತ್ತದೆ.

ತಿಂಗಳನ್ನು ಹೀಗೆ ಹಂಚಿ: ಮೊದಲ ಮೂರು ದಿನ ತಯಾರಿ, 24 ದಿನ ಬರವಣಿಗೆ, ಕೊನೆಯ ಮೂರು ದಿನ ತಿದ್ದುಪಡಿ. ಬರೆಯುವ ದಿನಗಳಲ್ಲಿ 1,500 ಪದ ಬಂದರೆ ಲೆಕ್ಕ ಸರಿಹೋಗುತ್ತದೆ. ಮನೆಯಲ್ಲಿ ಮದುವೆಯೋ ಹಬ್ಬವೋ ಇದ್ದರೆ ಆ ದಿನವನ್ನು ಈಗಲೇ ಕಳೆದುಬಿಡಿ, ಉಳಿದ ದಿನಗಳಿಗೆ ಅದರ ಪಾಲು ಹಂಚಿ.

ಗೊತ್ತಿರುವ ಜಗತ್ತನ್ನೇ ಆರಿಸಿಕೊಳ್ಳಿ

ಗಡುವಿನ ಕಾದಂಬರಿ ಅಂದರೆ ನನಗೆ ಮೊದಲು ನೆನಪಾಗುವುದು ರಷ್ಯದ ಕಾದಂಬರಿಕಾರ ದಾಸ್ತೊವ್‌ಸ್ಕಿ. ಸಾಲದ ಕಷ್ಟದಲ್ಲಿ ಅವರು ಪ್ರಕಾಶಕ ಸ್ಟೆಲೊವ್‌ಸ್ಕಿ ಜೊತೆ ಒಂದು ಕರಾರು ಮಾಡಿಕೊಂಡಿದ್ದರು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ, ಮುಂದಿನ ಒಂಬತ್ತು ವರ್ಷ ಅವರ ಬರಹಗಳನ್ನೆಲ್ಲ ಪ್ರಕಾಶಕ ಬಿಡಿಗಾಸೂ ಕೊಡದೆ ಅಚ್ಚು ಹಾಕಬಹುದಿತ್ತು. ಅಕ್ಟೋಬರ್ ಬಂದರೂ ಒಂದು ಪುಟ ಆಗಿರಲಿಲ್ಲ. ಆಗ ಶೀಘ್ರಲಿಪಿ ಕಲಿತಿದ್ದ ಇಪ್ಪತ್ತರ ಹುಡುಗಿ ಅನ್ನಾ ಸ್ನಿಟ್‌ಕಿನಾ ಕೆಲಸಕ್ಕೆ ಬಂದರು. ರಾತ್ರಿ ದಾಸ್ತೊವ್‌ಸ್ಕಿ ಟಿಪ್ಪಣಿ ಮಾಡಿಕೊಳ್ಳುವುದು, ಹಗಲು ಅದನ್ನು ನೋಡಿಕೊಂಡು ಹೇಳಿ ಬರೆಸುವುದು. ಅನ್ನಾ ಮನೆಗೆ ಹೋಗಿ ಶೀಘ್ರಲಿಪಿಯನ್ನು ಬಿಡಿಸಿ ಶುದ್ಧಪ್ರತಿ ಮಾಡಿ ಮರುದಿನ ತರುವುದು. 26 ದಿನದಲ್ಲಿ ‘ಜೂಜುಗಾರ’ ಮುಗಿಯಿತು.

ಅವರು ಆರಿಸಿಕೊಂಡ ವಿಷಯ ನೋಡಿ. ಜೂಜಿನ ಹುಚ್ಚು ಅವರಿಗೆ ಸ್ವಂತ ಅನುಭವ. ರೂಲೆಟ್ ಮೇಜು, ಅದರ ಸುತ್ತ ನಿಂತವರ ಮುಖ, ಸೋತ ಮೇಲಿನ ಸಂಕಟ ಯಾವುದನ್ನೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ನೀವೂ ಅಷ್ಟೇ. ವಿಜಯನಗರ ಕಾಲದ ಕಾದಂಬರಿ ಬರೆಯುವ ಆಸೆ ಇದ್ದರೆ ಅದಕ್ಕೆ ಬೇರೆ ವರ್ಷ ಇಡಿ. ಈ ತಿಂಗಳಿಗೆ ನೀವು ಕೆಲಸ ಮಾಡಿದ ಕಚೇರಿ, ಬೆಳೆದ ಕೇರಿ, ಚೆನ್ನಾಗಿ ಬಲ್ಲ ಕಸುಬು ಸಾಕು.

ಸನ್ನಿವೇಶದ ಚೀಟಿಗಳು

ತಯಾರಿಯ ಮೂರು ದಿನದಲ್ಲಿ 24 ಚೀಟಿ ಬರೆಯಿರಿ, ಬರೆಯುವ ಒಂದೊಂದು ದಿನಕ್ಕೆ ಒಂದೊಂದು ಸನ್ನಿವೇಶದ ಲೆಕ್ಕದಲ್ಲಿ. ಕಥೆ ತಿಪಟೂರಿನ ಕೊಬ್ಬರಿ ಮಂಡಿಯದು ಅಂದುಕೊಳ್ಳೋಣ. ‘ಗುಮಾಸ್ತನ ಬೇಸರ’ ಅಂತ ಚೀಟಿ ಬರೆದರೆ ಆ ದಿನ ಮುನ್ನೂರು ಪದಕ್ಕೇ ಕೈ ನಿಲ್ಲುತ್ತದೆ. ಹೀಗೆ ಬರೆಯಿರಿ: ‘ಸಾಹುಕಾರರು ತೀರಿಕೊಂಡ ಮೂರನೇ ದಿನ. ಗುಮಾಸ್ತ ಮಂಡಿ ಬಾಗಿಲು ತೆಗೆಯುತ್ತಾನೆ. ಕಿರ್ದಿ ಪುಸ್ತಕ ಕಾಣಿಸುತ್ತಿಲ್ಲ. ಕಿರಿಮಗ ಬಂದು ಲೆಕ್ಕ ಕೇಳುತ್ತಾನೆ. ಪುಸ್ತಕ ಮನೆಯಲ್ಲಿದೆ ಅಂತ ಗುಮಾಸ್ತ ಸುಳ್ಳು ಹೇಳುತ್ತಾನೆ.’ ಯಾರಿಗೆ ಏನು ಬೇಕು, ಅಡ್ಡ ಬರುವುದೇನು, ಕೊನೆಗೆ ಏನು ಬದಲಾಯಿತು, ಮೂರೂ ಇದರಲ್ಲಿವೆ. ಆ ಸುಳ್ಳೇ ಮರುದಿನದ ಚೀಟಿಗೆ ದಾರಿ ಮಾಡಿಕೊಡುತ್ತದೆ. ಕೊನೆಯ ಚೀಟಿಯನ್ನು ಮೊದಲೇ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಪಾತ್ರಗಳು ಆರೇಳು ಸಾಕು, ಹೆಸರು ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ.

ಬರೆಯುವ ದಿನಗಳು

ದಿನಾ ಒಂದೇ ಹೊತ್ತಿಗೆ ಕೂರಿ. ನಿನ್ನೆಯದರಲ್ಲಿ ಕೊನೆಯ ಒಂದು ಪುಟ ಮಾತ್ರ ಓದಿ. ಅದನ್ನು ತಿದ್ದಲು ಹೋಗಲೇಬೇಡಿ. ಇದು ಕಷ್ಟ, ನಿಜ. ಆದರೆ ಮೊದಲ ಅಧ್ಯಾಯವನ್ನೇ ತಿಂಗಳಿಡೀ ತಿದ್ದುವವರಿಗೆ ಎರಡನೆಯದು ಸಿಗುವುದಿಲ್ಲ. ಹತ್ತನೇ ದಿನ ಗುಮಾಸ್ತನಿಗೆ ಒಬ್ಬ ತಂಗಿ ಬೇಕು ಅನ್ನಿಸಿತೇ? ಹಿಂದಿನ ಪುಟಗಳಿಗೆ ಹೋಗಬೇಡಿ. ಬೇರೆ ಹಾಳೆಯಲ್ಲಿ ‘2ನೇ ಅಧ್ಯಾಯದಲ್ಲಿ ತಂಗಿ ಬರಬೇಕು’ ಅಂತ ಗುರುತು ಮಾಡಿ, ಅವಳು ಮೊದಲಿಂದಲೂ ಇದ್ದಳು ಅನ್ನುವ ಹಾಗೆ ಮುಂದುವರಿಸಿ.

ಗೊತ್ತಿಲ್ಲದ ವಿವರ ಬಂದಾಗಲೂ ಇದೇ ನಿಯಮ. ‘### ಹರಾಜು ಯಾವ ವಾರ?’ ಅಂತ ಬರೆದು ದಾಟಿಕೊಳ್ಳಿ. ಆಮೇಲೆ ಆ ಮೂರು ಗುರುತನ್ನು ಹುಡುಕಿದರೆ ಖಾಲಿ ಜಾಗಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅದಕ್ಕಾಗಿ ಈಗಲೇ ಮೊಬೈಲ್ ಕೈಗೆತ್ತಿಕೊಂಡರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ, ಅಲ್ವಾ?

ಟೈಪಿಂಗ್ ನಿಧಾನ ಅನ್ನುವವರು ಹೇಳಿ ಬರೆಸಬಹುದು. ಗೂಗಲ್ ಡಾಕ್ಸ್‌ನಲ್ಲೂ ಜಿಬೋರ್ಡ್‌ನಲ್ಲೂ ಕನ್ನಡ ಧ್ವನಿ ಟೈಪಿಂಗ್ ಇದೆ. ಸಂಭಾಷಣೆಗೆ ಇದು ತುಂಬ ಒಳ್ಳೆಯದು. ಬಾಯಲ್ಲಿ ಆಡಿದ ಮಾತು ಪುಸ್ತಕದ ಮಾತಿನ ಹಾಗೆ ಬಿಗಿಯಾಗುವುದಿಲ್ಲ. ಆಡುಮಾತಿನ ಪದಗಳನ್ನು ಅದು ತಪ್ಪಾಗಿ ಹಿಡಿಯಬಹುದು. ಅವತ್ತೇ ಒಮ್ಮೆ ಕಣ್ಣಾಡಿಸಿ, ಇಲ್ಲದಿದ್ದರೆ ವಾರ ಕಳೆದ ಮೇಲೆ ಏನು ಹೇಳಿದ್ದಿರಿ ಅಂತ ನಿಮಗೇ ನೆನಪಿರುವುದಿಲ್ಲ.

ಹದಿನೈದನೇ ದಿನದ ಆಸುಪಾಸಿನಲ್ಲಿ ಇದೆಲ್ಲ ದಂಡ ಅನ್ನಿಸುವ ಸಾಧ್ಯತೆ ಇದೆ. ಶುರುವಿನ ಹುರುಪು ಇಳಿದಿರುತ್ತದೆ, ಕೊನೆ ಇನ್ನೂ ದೂರ ಇರುತ್ತದೆ. ಅವತ್ತು ನಿಮಗೆ ತುಂಬ ಇಷ್ಟವಾದ ಚೀಟಿಯನ್ನು ಎತ್ತಿಕೊಳ್ಳಿ, ಅದು ಇಪ್ಪತ್ತನೆಯದಾದರೂ ಪರವಾಗಿಲ್ಲ. ಎರಡು ದಿನ ತಪ್ಪಿಹೋದರೆ ಒಂದೇ ದಿನ ನಾಲ್ಕೂವರೆ ಸಾವಿರ ಪದ ಬರೆಯುವ ಸಾಹಸ ಬೇಡ. ಎರಡು ಚೀಟಿ ತೆಗೆದುಹಾಕಿ. ಬಹಳ ಸಲ ಕಥೆ ಅದರಿಂದ ಬಿಗಿಯಾಗುತ್ತದೆ.

ಕೊನೆಯ ಮೂರು ದಿನ

ಮೊದಲ ದಿನ ### ಗುರುತುಗಳನ್ನೂ ಬೇರೆ ಹಾಳೆಯ ಟಿಪ್ಪಣಿಗಳನ್ನೂ ಮುಗಿಸಿ. ಎರಡನೇ ದಿನ ಇಡೀ ಕಾದಂಬರಿಯನ್ನು ಒಂದೇ ಸಲಕ್ಕೆ ಓದಿ; ಹೆಸರು, ವಯಸ್ಸು, ದಿನಾಂಕ ಹೊಂದುತ್ತವೆಯೇ ಅಂತಷ್ಟೇ ನೋಡಿ. ಮೂರನೇ ದಿನ ಮೊದಲ ಐದು ಪುಟ, ಕೊನೆಯ ಐದು ಪುಟ ಚೆನ್ನಾಗಿ ತಿದ್ದಿ.

ಸ್ಪರ್ಧೆಗೆ ಕಳಿಸುವವರು ಹಸ್ತಪ್ರತಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೇಕೋ, ಈಗ ಮೊಬೈಲಿನಲ್ಲೆಲ್ಲ ಬಳಸುವ ಯೂನಿಕೋಡ್‌ನಲ್ಲೋ ಅಂತ ತಿಂಗಳ ಶುರುವಿನಲ್ಲೇ ಕೇಳಿಕೊಳ್ಳಿ. ಕೊನೆಯ ರಾತ್ರಿ ಬದಲಾಯಿಸಲು ಹೋದರೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲಿ ಕೆಟ್ಟಿವೆ ಅಂತ ನೋಡುತ್ತಲೇ ಬೆಳಗಾಗುತ್ತದೆ. ಕಳಿಸಿದ್ದಕ್ಕೆ ಪುರಾವೆಯನ್ನೂ ಇಟ್ಟುಕೊಳ್ಳಿ. ದಾಸ್ತೊವ್‌ಸ್ಕಿ ಹಸ್ತಪ್ರತಿ ಹಿಡಿದು ಹೋದಾಗ ಪ್ರಕಾಶಕ ಊರಲ್ಲೇ ಇರಲಿಲ್ಲ. ಅವರು ನೇರ ಪೊಲೀಸ್ ಠಾಣೆಗೆ ಹೋಗಿ, ಅಲ್ಲಿ ಹಸ್ತಪ್ರತಿ ಒಪ್ಪಿಸಿ, ರಸೀದಿ ಪಡೆದರು.